ಮೈಕ್ರೋ ಸ್ಪ್ರಿಂಟ್ ವಿಂಗ್‌ಗೆ ಡಿಜಿಟಲ್ ಆಂಗಲ್ ಗೇಜ್: ಎರಡು ಸೀಸನ್ ಬಳಕೆಯ ನಂತರ

ಮರಗೆಲಸದವರು ಗರಗಸದ ಬ್ಲೇಡ್ ಕೋನ ನೋಡಲು ಬಳಸುವ ಚಿಕ್ಕ ಚೌಕ ಡಬ್ಬಿ ಇದು. ಅಡಿಯಲ್ಲಿ ಅಯಸ್ಕಾಂತ, ಎದುರಿಗೆ ಪುಟ್ಟ ಪರದೆ, ಪಕ್ಕದಲ್ಲಿ ಝೀರೋ ಬಟನ್. ಅಮೆರಿಕದಲ್ಲಿ 30–40 ಡಾಲರ್‌ಗೆ ಸಿಗುತ್ತದೆ. ಮಣ್ಣಿನ ಟ್ರ್ಯಾಕಿನಲ್ಲಿ ಓಡುವ ಪುಟ್ಟ ರೇಸ್ ಕಾರು, 600 ಸಿಸಿ ಮೈಕ್ರೋ ಸ್ಪ್ರಿಂಟ್. ಅದರ ಟಾಪ್ ವಿಂಗನ್ನು (ಗಾಳಿಯ ಬಲದಿಂದ ಕಾರನ್ನು ನೆಲಕ್ಕೆ ಒತ್ತುವ, ನೆತ್ತಿಯ ಮೇಲಿನ ರೆಕ್ಕೆ) ಸರಿಯಾದ ಕೋನಕ್ಕೆ ಕೂರಿಸಲು ಈ ಗೇಜ್ ಕೊಳ್ಳಬಹುದೇ ಅಂದರೆ, ಖಂಡಿತ ಕೊಳ್ಳಿ. ಆದರೆ ಕೊಟ್ಟ ದುಡ್ಡು ಸಾರ್ಥಕವಾಗುವುದು ಆ ಝೀರೋ ಬಟನ್‌ನಿಂದ.

ಪಿಟ್‌ನಲ್ಲಿ, ಅಂದರೆ ಕಾರು ಸಿದ್ಧಪಡಿಸುವ ಜಾಗದಲ್ಲಿ, ನೆಲ ಎಂದೂ ಸಮ ಇರುವುದಿಲ್ಲ. ನೆಲವನ್ನು ನಂಬಿ ಅಳೆದ 18 ಡಿಗ್ರಿ, ಕಾರನ್ನು ಹತ್ತು ಅಡಿ ಆಚೆ ತಳ್ಳಿದರೆ 19 ಆಗುತ್ತದೆ. ಅದಕ್ಕೇ ಚಾಸಿಯ ಕೆಳಗಿನ ಉದ್ದ ಪೈಪಿನ ಮೇಲೆ ಒಂದು ಜಾಗಕ್ಕೆ ಪೇಂಟ್ ಪೆನ್ನಿನಿಂದ ಗುರುತು ಹಾಕಿ, ಗೇಜನ್ನು ಪ್ರತಿಸಲ ಅಲ್ಲೇ ಕೂರಿಸಿ ಝೀರೋ ಮಾಡಬೇಕು. ಆಮೇಲೆ ವಿಂಗ್ ಮೇಲೆ ಬರುವ ಅಂಕಿ ಚಾಸಿಗೆ ಹೋಲಿಸಿದ ಕೋನ. ಒಂದು ಎಚ್ಚರಿಕೆ: ರೈಡ್ ಹೈಟ್ (ನೆಲದಿಂದ ಚಾಸಿಯ ಎತ್ತರ) ಬದಲಾದರೆ ಗಾಳಿಗೆ ಸಿಗುವ ಕೋನವೂ ಬದಲಾಗುತ್ತದೆ, ಅದನ್ನು ಈ ಅಂಕಿ ತೋರಿಸುವುದಿಲ್ಲ. 60 ಇಂಚಿನ ವೀಲ್‌ಬೇಸ್‌ನಲ್ಲಿ (ಮುಂದಿನ, ಹಿಂದಿನ ಚಕ್ರಗಳ ನಡುವಿನ ಅಂತರ) ಹಿಂಭಾಗ ಒಂದು ಇಂಚು ತಗ್ಗಿದರೆ ಹೆಚ್ಚುಕಡಿಮೆ ಒಂದು ಡಿಗ್ರಿ ವಿಂಗ್ ಕಳೆದಂತೆಯೇ.

ಚಾಸಿ ಕ್ರೋಮೋಲಿ ಉಕ್ಕಿನದು, ಗೇಜ್ ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ. ವಿಂಗ್ ಅಲ್ಯೂಮಿನಿಯಂ, ಅಲ್ಲಿ ಅಯಸ್ಕಾಂತ ಹಿಡಿಯುವುದೇ ಇಲ್ಲ. ಹಿಡಿದರೂ ಉಪಯೋಗವಿಲ್ಲ, ಏಕೆಂದರೆ ವಿಂಗ್‌ನ ಮೇಲ್ಮೈ ತಟ್ಟೆಯಂತೆ ಬಾಗಿದೆ. ಮುಂದೆ ಒಂದು ಕೋನ, ಹಿಂದೆ ಇನ್ನೊಂದು. ನಾಲ್ಕು ಅಡಿಯ ನೇರವಾದ ಅಲ್ಯೂಮಿನಿಯಂ ಬಾಕ್ಸ್ ಪೈಪ್ ತಂದು, ನಡುವೆ ಒಂದು ಉಕ್ಕಿನ ಪಟ್ಟಿ ರಿವೆಟ್ ಮಾಡಿ. ಪೈಪನ್ನು ವಿಂಗ್‌ನ ಮುಂದಿನ ಅಂಚಿನಿಂದ ಹಿಂದಿನ ವಿಕರ್‌ಬಿಲ್‌ನ (ಹಿಂದಿನ ಅಂಚಿನಲ್ಲಿ ನೆಟ್ಟಗೆ ನಿಂತ ಪಟ್ಟಿ) ಬುಡದವರೆಗೆ ಇಟ್ಟು, ಗೇಜನ್ನು ಆ ಪಟ್ಟಿಯ ಮೇಲೆ ಕೂರಿಸಿ. ಎಡ, ಬಲ ಎರಡೂ ಕಡೆ ಅಳೆಯಿರಿ. ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಕಂಡರೆ ಗೇಜನ್ನು ಬೈಯಬೇಡಿ. ವಿಂಗ್ ತಿರುಚಿದೆ ಅಥವಾ ಕಾರು ಪಲ್ಟಿ ಹೊಡೆದಾಗ ವಿಂಗ್ ಹೊತ್ತ ಪೋಸ್ಟ್ ಬಾಗಿದೆ. ವಿಂಗನ್ನು ಹಿಂದೆ ಮುಂದೆ ಸರಿಸುವ ಸ್ಲೈಡರ್ ಇದ್ದರೆ ಪೂರ್ತಿ ಮುಂದೆ, ಪೂರ್ತಿ ಹಿಂದೆ ತಳ್ಳಿಯೂ ನೋಡಿ. ಎರಡೂ ಕಡೆ ಒಂದೇ ಅಂಕಿ ಬರಬೇಕು.

ಬಹಳ ಜನ ಮೋಸ ಹೋಗುವುದು ಕೆಸರಿನಲ್ಲಿ. ಗೇಜಿನ ತಳ ಬರೀ ಎರಡು ಇಂಚು ಉದ್ದ. ಅದರ ಒಂದು ತುದಿಯಡಿ ಒಂದು ಮಿಲಿಮೀಟರ್ ಜೇಡಿಮಣ್ಣು ಸಿಕ್ಕಿಕೊಂಡರೆ ಒಂದು ಡಿಗ್ರಿಯೇ ತಪ್ಪು. ಅದೇ ಮಣ್ಣು ನಾಲ್ಕು ಅಡಿ ಪೈಪಿನಡಿ ಇದ್ದರೆ ತಪ್ಪು 0.05 ಡಿಗ್ರಿ, ಗಣನೆಗೇ ಬರದು. ಹಾಗಾಗಿ ಚಾಸಿಯ ಗುರುತನ್ನೂ ಗೇಜಿನ ತಳವನ್ನೂ ಬಟ್ಟೆಯಿಂದ ಒರೆಸದೆ ಝೀರೋ ಒತ್ತಲೇಬೇಡಿ.

ಕೋನ ಬದಲಿಸುವುದು ಪೋಸ್ಟಿನ ಎರಡು ತುದಿಯ ರಾಡ್ ಎಂಡ್‌ಗಳಿಂದ (ಥ್ರೆಡ್ ಇರುವ ಕೀಲುಗಳು); ಪೋಸ್ಟನ್ನು ತಿರುಗಿಸಿದರೆ ಅದರ ಉದ್ದ ಬದಲಾಗುತ್ತದೆ. 3/8 ಇಂಚಿನ, ಇಂಚಿಗೆ 24 ಸುತ್ತಿನ ಥ್ರೆಡ್, ಒಂದು ತುದಿ ಎಡಗೈ, ಇನ್ನೊಂದು ಬಲಗೈ. ಮುಂದಿನ ಮತ್ತು ಹಿಂದಿನ ಪೋಸ್ಟ್‌ಗಳ ನಡುವೆ 20 ಇಂಚು ಅಂತರ. ಹೀಗಿದ್ದರೆ ಸುಮಾರು ನಾಲ್ಕು ಸುತ್ತಿಗೆ ಒಂದು ಡಿಗ್ರಿ. ರಾಡ್ ಎಂಡ್ ಸಡಿಲವಾಗದಂತೆ ಹಿಡಿಯುವ ಜಾಮ್ ನಟ್ ಬಿಗಿದ ಮೇಲೆ ಇನ್ನೊಮ್ಮೆ ಅಳೆಯಿರಿ, ಬಿಗಿಯುವಾಗಲೇ ಒಂದೆರಡು ದಶಮಾಂಶ ಜಾರುತ್ತದೆ.

ಹಾಟ್ ಲ್ಯಾಪ್ಸ್ (ರೇಸಿಗೆ ಮುಂಚಿನ ಅಭ್ಯಾಸದ ಸುತ್ತುಗಳು) ಹೊತ್ತಿಗೆ ಟ್ರ್ಯಾಕ್ ಒದ್ದೆ, ಟೈರಿಗೆ ಮಣ್ಣೇ ಹಿಡಿತ ಕೊಡುತ್ತದೆ. ಆಗ ಕಡಿಮೆ ಕೋನ ಸಾಕು. ಸಣ್ಣ ಇಂಜಿನ್‌ಗೆ ಅನಗತ್ಯ ಡ್ರ್ಯಾಗ್ (ಗಾಳಿಯ ಎಳೆತ) ಅಂದರೆ ನೇರ ಹಾದಿಯಲ್ಲಿ ಆರ್‌ಪಿಎಂ ಏರುವುದೇ ಇಲ್ಲ. ಫೀಚರ್ ರೇಸ್ (ರಾತ್ರಿಯ ಮುಖ್ಯ ರೇಸ್) ಹೊತ್ತಿಗೆ ಮಣ್ಣು ಒಣಗಿ ನುಣುಪಾದಾಗ ಒಂದೊಂದೇ ಡಿಗ್ರಿ ಏರಿಸಬೇಕು. ಟಾಪ್ ವಿಂಗ್ ಕೋನ ಏರಿಸಿದಾಗ ಭಾರ ಹಿಂದಕ್ಕೆ ಸರಿದು ಮುಂಭಾಗ ಹಗುರಾಗುತ್ತದೆ, ಕಾರು ತಿರುವಿನಲ್ಲಿ ಪುಶ್ ಆಗುತ್ತದೆ, ಅಂದರೆ ತಿರುಗದೆ ನೇರಕ್ಕೆ ಜಾರುತ್ತದೆ. ಆಗ ಮುಂದಿನ ವಿಂಗ್‌ಗೂ ಸ್ವಲ್ಪ ಸೇರಿಸಬೇಕು. ಅತಿಯಾಗಿ ಏರಿಸಿದರೆ ಗಾಳಿ ವಿಂಗ್‌ನ ಕೆಳಮೈ ಬಿಟ್ಟು ಹೋಗುತ್ತದೆ: ಕಾರನ್ನು ಕೆಳಗೆ ಒತ್ತುವ ಬಲ ಏರುವುದಿಲ್ಲ, ಡ್ರ್ಯಾಗ್ ಮಾತ್ರ ಏರುತ್ತದೆ.

ಇನ್ನು ಗೇಜಿನ ದೋಷಗಳು. ರೇಸ್ ನಡೆಯುವುದು ರಾತ್ರಿ, ಬ್ಯಾಕ್‌ಲೈಟ್ ಇಲ್ಲದ ಮಾಡೆಲ್ ಕೊಂಡರೆ ಹಣೆಗೆ ಟಾರ್ಚ್ ಕಟ್ಟಿಕೊಳ್ಳಬೇಕು. ಕೆಲವು ಮಾಡೆಲ್‌ಗಳು ತಾವಾಗಿ ಆಫ್ ಆದಾಗ ಝೀರೋ ಮರೆಯುತ್ತವೆ. ಡಿಸೆಂಬರ್ ಕೊನೆಯ ತುಲ್ಸಾ ಶೂಟ್‌ಔಟ್‌ನಂತಹ ಒಳಾಂಗಣ ರೇಸಿಗೆ ಹೋದಾಗ, ಚಳಿಯಲ್ಲಿದ್ದ ಟ್ರೈಲರ್‌ನಿಂದ ಬೆಚ್ಚನೆಯ ಹಾಲ್‌ಗೆ ತಂದ ಕೂಡಲೇ ಅಳೆಯಬೇಡಿ. ಹದಿನೈದು ನಿಮಿಷ ಬಿಟ್ಟು ಮತ್ತೆ ಝೀರೋ ಮಾಡಿ. ಸೀಸನ್ ಮುಗಿದ ಮೇಲೆ ಬ್ಯಾಟರಿ ತೆಗೆದಿಡಿ, ಸೋರಿದರೆ ಕಾಂಟ್ಯಾಕ್ಟ್‌ಗೆ ತುಕ್ಕು ಹಿಡಿಯುತ್ತದೆ.

ಹೊಸದು ತಂದ ದಿನವೇ ಒಂದು ಪರೀಕ್ಷೆ ಮಾಡಿ. ಉಕ್ಕಿನ ಮೇಜಿನ ಮೇಲೆ ಝೀರೋ ಮಾಡಿ, ಅದೇ ಮೇಜಿನ ಮೇಲೆ ಇಂಜಿನಿಯರ್ ಸ್ಕ್ವೇರ್ ನಿಲ್ಲಿಸಿ ಅದರ ನೆಟ್ಟಗಿನ ಬದಿಗೆ ಅಂಟಿಸಿ. 89.8ರಿಂದ 90.2ರೊಳಗೆ ತೋರಿಸಬೇಕು. ಎತ್ತಿ ಮತ್ತೆ ಮೇಜಿನ ಮೇಲಿಟ್ಟರೆ 0.0ಗೇ ಮರಳಬೇಕು. ಹತ್ತು ಸಲ ಮಾಡಿ; ಪ್ರತಿಸಲ ಬೇರೆ ಬೇರೆ ಅಂಕಿ ಬಂದರೆ ಅಂದೇ ವಾಪಸ್ ಕೊಡಿ.