ಮೂಕಿ ಸೇರಿಸಿಯೋ, ಬಿಟ್ಟೋ? ಮೂರು ಟ್ರೇಲರ್‌ಗಳ ಉದ್ದದ ಹೋಲಿಕೆ

ಕಾರಿನ ಹಿಂದೆ ಎಳೆದೊಯ್ದು ಒಳಗೇ ಉಂಡು ಮಲಗಬಹುದಾದ ಟ್ರೇಲರ್‌ಗಳಲ್ಲಿ ಜೇಕೋ ಕಂಪನಿಯ ಜೇ ಫ್ಲೈಟ್ 174ಬಿಎಚ್ ಒಂದು, ಏರ್‌ಸ್ಟ್ರೀಮ್ ಬಾಂಬಿ 22ಎಫ್‌ಬಿ ಇನ್ನೊಂದು. ಹೆಸರು ಓದಿದವರು ಮೊದಲನೆಯದು ಹದಿನೇಳು ಅಡಿ, ಎರಡನೆಯದು ಇಪ್ಪತ್ತೆರಡು ಅಡಿ ಎಂದೇ ತಿಳಿಯುತ್ತಾರೆ. ಟೇಪು ಹಿಡಿದರೆ ಜೇಕೋ ಸುಮಾರು 21 ಅಡಿ 8 ಅಂಗುಲ, ಏರ್‌ಸ್ಟ್ರೀಮ್ 21 ಅಡಿ 11 ಅಂಗುಲ. ಹೆಸರಿನಲ್ಲಿದ್ದ ಐದು ಅಡಿಯ ಅಂತರ ನೆಲದ ಮೇಲೆ ಮೂರು ಅಂಗುಲಕ್ಕೆ ಇಳಿಯುತ್ತದೆ.

ಇದರಲ್ಲಿ ಮೋಸವೇನಿಲ್ಲ, ಅಳೆಯುವ ಜಾಗ ಬೇರೆ ಅಷ್ಟೇ. ಟ್ರೇಲರಿನ ಮುಂದೆ ಕಾರಿನತ್ತ ಚಾಚಿಕೊಂಡಿರುವ ಉಕ್ಕಿನ ತ್ರಿಕೋನವೊಂದಿರುತ್ತದೆ. ಗ್ಯಾಸ್ ಸಿಲಿಂಡರ್, ಬ್ಯಾಟರಿ, ಜಾಕ್ ಎಲ್ಲ ಕೂರುವುದು ಅದರ ಮೇಲೆ. ಕಾರಿನ ಹಿಂದಿನ ಚೆಂಡಿನಂಥ ಉಕ್ಕಿನ ಗುಂಡಿಗೆ ಸಿಕ್ಕಿಕೊಳ್ಳುವ ಕಪ್ಲರ್ ಇರುವುದು ಅದರ ತುದಿಯಲ್ಲಿ. ಎತ್ತಿನ ಗಾಡಿಯ ಮೂಕಿ ಮಾಡುವ ಕೆಲಸವನ್ನೇ ಇದೂ ಮಾಡುವುದರಿಂದ ನಮ್ಮ ಮನೆಯಲ್ಲಿ ಅದಕ್ಕೆ ಮೂಕಿ ಎಂದೇ ಹೆಸರು. ಸಾಮಾನ್ಯವಾಗಿ ಮೂರರಿಂದ ನಾಲ್ಕು ಅಡಿ ಉದ್ದ. ಏರ್‌ಸ್ಟ್ರೀಮ್ ಮೂಕಿಯ ತುದಿಯಿಂದ ಹಿಂದಿನ ಬಂಪರಿನವರೆಗೆ ಅಳೆದು ಹೆಸರಿಡುತ್ತದೆ. ಅಮೆರಿಕದ ಬೇರೆ ಹಲವು ಕಂಪನಿಗಳ ಮಾದರಿಯ ಸಂಖ್ಯೆ ಗೋಡೆಯಿಂದ ಗೋಡೆಗಿರುವ ಪೆಟ್ಟಿಗೆಯ ಉದ್ದಕ್ಕೆ ಹತ್ತಿರವಾಗಿರುತ್ತದೆ. ಗ್ರ್ಯಾಂಡ್ ಡಿಸೈನ್ ಇಮ್ಯಾಜಿನ್ 2500ಆರ್‌ಎಲ್ ಎಂಬ ಮಾದರಿಯ ಹೆಸರು 25 ಅಡಿ ಎನ್ನುವಂತಿದ್ದರೂ ಪೂರ್ತಿ ಉದ್ದ ಸುಮಾರು 30 ಅಡಿ. ಇದಕ್ಕೆಲ್ಲ ಏಕರೂಪದ ನಿಯಮವಿಲ್ಲ. ಸಂಖ್ಯೆಯನ್ನು ಹೆಸರು ಎಂದುಕೊಳ್ಳಬೇಕು, ಅಳತೆ ಎಂದಲ್ಲ.

ನಾವಿರುವುದು ಸಿಯಾಟಲ್ ಬಳಿ. ಎಳೆಯುವ ಕಾರು ಟೊಯೋಟ ಹೈಲ್ಯಾಂಡರ್. ಕೊಳ್ಳುವ ಮೊದಲು ಬಾಡಿಗೆಗೆ ತಂದು ನೋಡೋಣ ಎಂದು ಮೇಲಿನ ಎರಡರ ಜೊತೆಗೆ ಸ್ಕ್ಯಾಂಪ್ 13 ಎಂಬ ಪುಟಾಣಿಯನ್ನೂ ಸೇರಿಸಿಕೊಂಡೆವು. ಮಿನೆಸೋಟದ ಬ್ಯಾಕಸ್ ಎಂಬ ಸಣ್ಣ ಊರಿನಲ್ಲಿ ತಯಾರಾಗುವ ಫೈಬರ್‌ಗ್ಲಾಸ್ ಟ್ರೇಲರ್ ಇದು. ಇದರ 13 ಅಡಿಯಲ್ಲಿ ಮೂಕಿಯೂ ಸೇರಿದೆ. ಒಳಗಿನ ಮನೆ ಹತ್ತೇ ಅಡಿ. ಹೀಗಾಗಿ ಹೆಸರಿನ ಲೆಕ್ಕದಲ್ಲಿ ಸ್ಕ್ಯಾಂಪ್‌ಗೂ ಜೇಕೋಗೂ ನಾಲ್ಕೇ ಅಡಿ ವ್ಯತ್ಯಾಸ. ರಸ್ತೆಯ ಮೇಲೆ ಅದು ಎಂಟೂವರೆ ಅಡಿಯನ್ನು ದಾಟುತ್ತದೆ.

ಅಳೆಯುವ ಕೆಲಸವನ್ನು ನಾನು ಮತ್ತು ನನ್ನ ಹೆಂಡತಿ ಪ್ರತಿ ಸಲವೂ ಒಂದೇ ಕ್ರಮದಲ್ಲಿ ಮಾಡಿದೆವು. ಅವಳು ಟೇಪಿನ ಕೊಕ್ಕೆಯನ್ನು ಕಪ್ಲರಿನ ಮೂತಿಗೆ ಒತ್ತಿ ಹಿಡಿಯುತ್ತಾಳೆ, ನಾನು ಹಿಂದಕ್ಕೆ ನಡೆಯುತ್ತೇನೆ. ಬಂಪರಿನಲ್ಲಿ ನಿಲ್ಲುವುದು ಸರಿಯಲ್ಲ. ಬಂಪರಿನ ಆಚೆಗೆ ಸ್ಪೇರ್ ಚಕ್ರ ಇರಬಹುದು, ಏಣಿ ಇರಬಹುದು, ಬಾಡಿಗೆಗೆ ಕೊಟ್ಟವರು ಕೂರಿಸಿದ ಸೈಕಲ್ ಸ್ಟ್ಯಾಂಡ್ ಇರಬಹುದು. ಎಲ್ಲಕ್ಕಿಂತ ಹಿಂದೆ ಚಾಚಿರುವುದು ಯಾವುದೋ ಅದರ ನೇರಕ್ಕೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಗೆರೆ ಎಳೆದು, ಅಲ್ಲಿಯವರೆಗೆ ಟೇಪು ತರಬೇಕು. ಟೇಪು ನೆಲಕ್ಕೆ ಸಮಾಂತರವಾಗಿರಬೇಕು. ನಡುವೆ ಜೋತರೆ ಒಂದೆರಡು ಅಂಗುಲ ಹೆಚ್ಚು ತೋರಿಸುತ್ತದೆ.

ಒಳಗಿನ ಉದ್ದದ ಮಾತು ಬೇರೆಯೇ. ಜೇಕೋದ ಹಿಂಗೋಡೆ ನೆಟ್ಟಗಿದೆ. ಏರ್‌ಸ್ಟ್ರೀಮ್ ಮುಂದೆಯೂ ಹಿಂದೆಯೂ ದುಂಡಗೆ ಬಾಗುತ್ತದೆ. ಸೊಂಟದ ಮಟ್ಟದಲ್ಲಿ ಅಳೆದ ಉದ್ದ ತಲೆಯ ಮಟ್ಟದಲ್ಲಿ ಸಿಗುವುದಿಲ್ಲ. ಹೊರಗಿನಿಂದ ಹೆಚ್ಚುಕಡಿಮೆ ಒಂದೇ ಉದ್ದದ ಎರಡು ಗಾಡಿಗಳು, ಆದರೆ ಜೇಕೋದಲ್ಲಿ ಮುಂದೆ ಹಾಸಿಗೆ, ನಡುವೆ ಊಟದ ಮೇಜು ಮತ್ತು ಒಲೆ, ಹಿಂದೆ ಮಕ್ಕಳಿಗೆ ಮೇಲೊಂದು ಕೆಳಗೊಂದು ಮಂಚ. ಬಿಎಚ್ ಎಂದರೆ ಆ ಮಂಚಗಳೇ. ಮಕ್ಕಳು ಮಲಗಿದ ಮೇಲೂ ಮೇಜು ಮೇಜಾಗಿಯೇ ಉಳಿಯುತ್ತದೆ, ನಾವು ಕಾಫಿ ಕುಡಿಯುತ್ತಾ ಕೂರಬಹುದು. ಏರ್‌ಸ್ಟ್ರೀಮಿನಲ್ಲಿ ನಾಲ್ಕು ಜನ ಮಲಗಬೇಕಾದರೆ ರಾತ್ರಿ ಮೇಜು ಇಳಿಸಿ ಹಾಸಿಗೆ ಮಾಡಬೇಕು, ಬೆಳಿಗ್ಗೆ ಮತ್ತೆ ಎತ್ತಬೇಕು. ಅಗಲ, ಬೆಳಕು, ಕಿಟಕಿ, ಒಳಗಿನ ಮರಗೆಲಸದ ಅಂದ ಎಲ್ಲದರಲ್ಲೂ ಏರ್‌ಸ್ಟ್ರೀಮ್ ಮುಂದು. ಅದರ ಬೆಲೆಯೂ ಅಷ್ಟೇ ಮುಂದೆ ಇದೆ! ಒಂದೊಂದು ಅಡಿಯಲ್ಲಿ ಎಷ್ಟು ಸಂಸಾರ ಹಿಡಿಯುತ್ತದೆ ಎಂದು ಕೇಳಿದರೆ ಮಾತ್ರ ಜೇಕೋವನ್ನು ಹಿಂದೆ ಹಾಕುವುದು ಕಷ್ಟ.

ಸ್ಕ್ಯಾಂಪಿನ ಹತ್ತು ಅಡಿಯಲ್ಲಿ ಗಂಡಹೆಂಡತಿ ಸುಖವಾಗಿರಬಹುದು. ಇಬ್ಬರು ಮಕ್ಕಳ ಜೊತೆ ಮಳೆಗೆ ಸಿಕ್ಕಿಕೊಂಡರೆ ಒಬ್ಬರು ಚಪ್ಪಲಿ ಹಾಕಿಕೊಳ್ಳಲು ಉಳಿದ ಮೂವರು ಕಾಲು ಮೇಲೆತ್ತಬೇಕು. ಕುಕ್ಕರ್ ಕೂಗುವಾಗ ಕಿಟಕಿ ತೆರೆಯಲು ಮರೆತರೆ ಇಡೀ ಗಾಡಿಯೇ ಇಡ್ಲಿ ಪಾತ್ರೆ.

ಆದರೆ ಇದೇ ಸ್ಕ್ಯಾಂಪ್ ಫೆರಿಯ ದಕ್ಕೆಯಲ್ಲಿ ರಾಜ. ಅನಾಕಾರ್ಟಿಸ್‌ನಿಂದ ಸ್ಯಾನ್ ವಾನ್ ದ್ವೀಪಗಳಿಗೆ ಹೋಗುವ ವಾಷಿಂಗ್ಟನ್ ರಾಜ್ಯದ ಫೆರಿಗಳು ವಾಹನಕ್ಕೆ ದರ ಹಾಕುವುದು ಉದ್ದದ ಮೇಲೆ. 22 ಅಡಿಯಿಂದ 30ರ ಒಳಗೆ ಒಂದು ದರ, 30ರಿಂದ 40ರ ಒಳಗೆ ಇನ್ನೊಂದು, ಹೀಗೆ ಮೇಲೇರುತ್ತದೆ. ಕಾರು, ಟ್ರೇಲರ್, ಹಿಂದೆ ನೇತು ಹಾಕಿದ ಸಾಮಾನು ಎಲ್ಲ ಸೇರಿಸಿ ಅಳೆಯುತ್ತಾರೆ. ಹೈಲ್ಯಾಂಡರಿನ ಉದ್ದ 16 ಅಡಿ 3 ಅಂಗುಲ. ಅದರ ಹಿಂದೆ ಚಾಚಿದ ಹಿಚ್‌ಗೆ, ಅಂದರೆ ಟ್ರೇಲರ್ ಸಿಕ್ಕಿಸುವ ಕೊಂಡಿಗೆ, ಹೆಚ್ಚುಕಡಿಮೆ 8 ಅಂಗುಲ. ಸ್ಕ್ಯಾಂಪಿನ 13 ಅಡಿ ಕೂಡಿಸಿದರೆ 29 ಅಡಿ 11 ಅಂಗುಲ. ಒಂದಂಗುಲದ ಅಂತರದಲ್ಲಿ ಕೆಳಗಿನ ದರ! ಹಿಚ್‌ಗೆ ಸ್ವಲ್ಪ ಉದ್ದದ ಕಬ್ಬಿಣ ಹಾಕಿದ್ದರೂ ಹೋಯಿತು. ಜೇಕೋ ಮತ್ತು ಏರ್‌ಸ್ಟ್ರೀಮ್ ಎರಡೂ 38 ಚಿಲ್ಲರೆ ಅಡಿ, ಒಂದೇ ದರ. ಇವುಗಳ ಹಿಂದೆ ಸೈಕಲ್ ಕಟ್ಟಿದರೆ 40 ದಾಟಿ ಮತ್ತೊಂದು ಮೆಟ್ಟಿಲು ಹತ್ತುತ್ತೀರಿ. ಸೈಕಲ್ಲನ್ನು ಒಳಗೆ ಮಂಚದ ಮೇಲೆ ಮಲಗಿಸುವುದು ಲೇಸು.

ರಾಷ್ಟ್ರೀಯ ಉದ್ಯಾನಗಳ ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಲೆಕ್ಕ ಮತ್ತೆ ಬದಲಾಗುತ್ತದೆ. ನಮಗೆ ಹತ್ತಿರದ ಮೌಂಟ್ ರೇನಿಯರ್‌ನ ಕೂಗರ್ ರಾಕ್‌ನಲ್ಲಿ ತಾನೇ ಓಡುವ ಮನೆಗಾಡಿಯಾದ ಮೋಟಾರ್‌ಹೋಮ್‌ಗೆ 35 ಅಡಿ, ಎಳೆಯುವ ಟ್ರೇಲರಿಗೆ 27 ಅಡಿ ಮಿತಿ. ಯೊಸೆಮಿಟಿಯ ಅಪ್ಪರ್ ಪೈನ್ಸ್‌ನಲ್ಲಿ 35 ಮತ್ತು 24. ಟ್ರೇಲರಿಗೆ ಕಡಿಮೆ ಏಕೆ ಎಂದರೆ, ಅದನ್ನು ಎಳೆದು ತಂದ ಕಾರು ಕೂಡ ಎಲ್ಲಾದರೂ ನಿಲ್ಲಬೇಕಲ್ಲ. ಇಲ್ಲಿ ಕೇಳುವುದು ಮೂಕಿ ಸೇರಿದ ಟ್ರೇಲರಿನ ಉದ್ದ, ಕಾರಿನದ್ದಲ್ಲ. ಹಾಗಾಗಿ ನಮ್ಮ ಮೂರೂ ಇವೆರಡು ಕಡೆ ಪಾಸು.

ಒಲಿಂಪಿಕ್ ರಾಷ್ಟ್ರೀಯ ಉದ್ಯಾನದಲ್ಲಿ ಕತೆ ಬೇರೆ. ಅಲ್ಲಿನ ಹಲವು ಕ್ಯಾಂಪ್‌ಗ್ರೌಂಡ್‌ಗಳಲ್ಲಿ ಹೆಚ್ಚಿನ ಜಾಗಗಳು 21 ಅಡಿಗೇ ಮುಗಿಯುತ್ತವೆ. ಹೆಸರಿನಲ್ಲಿ 17 ಇಟ್ಟುಕೊಂಡಿರುವ ಜೇಕೋ ಎಂಟಂಗುಲದಲ್ಲಿ ಅಲ್ಲಿ ಅನುತ್ತೀರ್ಣ. ಏರ್‌ಸ್ಟ್ರೀಮೂ ಹಾಗೆಯೇ, ಆದರೆ 22 ಎಂದು ಮೊದಲೇ ಒಪ್ಪಿಕೊಂಡ ಗಾಡಿಯನ್ನು ಯಾರೂ ಅಲ್ಲಿಗೆ ಕಾಯ್ದಿರಿಸಲು ಹೋಗುವುದಿಲ್ಲ. ಹಿಂಭಾಗ ಪೊದೆಯ ಮೇಲೆ ಚಾಚಿದರೆ ಎಂಟಂಗುಲ ಯಾರಿಗೆ ಕಾಣುತ್ತದೆ ಎನ್ನುವವರು ಇದ್ದಾರೆ. ಅಂಥ ಜಾಗಕ್ಕೆ ಸಂಜೆಗತ್ತಲಲ್ಲಿ ಎರಡು ಮರಗಳ ನಡುವೆ ಟ್ರೇಲರನ್ನು ಹಿಮ್ಮುಖವಾಗಿ ನುಗ್ಗಿಸುವ ಕೆಲಸ ನನಗಂತೂ ಬೇಡ. ಕಾಯ್ದಿರಿಸುವ ಅರ್ಜಿಯಲ್ಲಿ ನಾನು ತುಂಬುವುದು ಸೀಮೆಸುಣ್ಣದ ಗೆರೆಯವರೆಗಿನ ಉದ್ದ, ಅದೂ ಮುಂದಿನ ಪೂರ್ಣ ಅಡಿಗೆ ಏರಿಸಿ.

ಮೊಂಟಾನಾದ ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದಿ ಸನ್ ರಸ್ತೆ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿ ತೂಗುತ್ತದೆ. ಅವಲಾಂಚ್‌ನಿಂದ ಸನ್ ಪಾಯಿಂಟ್‌ವರೆಗಿನ ಬೆಟ್ಟದ ದಾರಿಯಲ್ಲಿ ಬಂಪರು ಸೇರಿ 21 ಅಡಿಗಿಂತ ಉದ್ದದ ವಾಹನಕ್ಕೆ, ಕಾರು ಮತ್ತು ಟ್ರೇಲರಿನ ಜೋಡಿಗೆ ಸಹ, ಪ್ರವೇಶವಿಲ್ಲ. ಹೈಲ್ಯಾಂಡರೇ ಹದಿನಾರು ಚಿಲ್ಲರೆ ನುಂಗಿದ ಮೇಲೆ ಉಳಿಯುವುದು ಐದಡಿಗೂ ಕಡಿಮೆ. ಸ್ಕ್ಯಾಂಪಿಗೂ ಅಲ್ಲಿ ಜಾಗವಿಲ್ಲ. ಟ್ರೇಲರನ್ನು ಕ್ಯಾಂಪ್‌ಗ್ರೌಂಡಿನಲ್ಲಿ ಬಿಟ್ಟು ಕಾರಿನಲ್ಲಿ ಹೋಗುವುದೊಂದೇ ದಾರಿ.

ಇದೆಲ್ಲ ಕೇಳಿ ಇಂಗ್ಲೆಂಡಿನಲ್ಲಿರುವ ನನ್ನ ತಂಗಿ ನಕ್ಕಳು. ಅಲ್ಲಿ 3,500 ಕಿಲೋವರೆಗಿನ ವಾಹನ ಎಳೆಯುವ ಕ್ಯಾರವಾನಿಗೆ (ಇಂಥ ಟ್ರೇಲರಿಗೆ ಅಲ್ಲಿನ ಹೆಸರು) ಕಾನೂನಿನ ಮಿತಿ 7 ಮೀಟರ್, ಅದರಲ್ಲಿ ಮೂಕಿ ಲೆಕ್ಕಕ್ಕೇ ಬರುವುದಿಲ್ಲ. ಜೇಕೋವನ್ನು ಅಲ್ಲಿಗೆ ಒಯ್ದರೆ ಕಾನೂನಿನ ಕಣ್ಣಿಗೆ ಅದು ಮತ್ತೆ ಹದಿನೆಂಟು ಅಡಿಯ ಆಸುಪಾಸಿನ ಗಾಡಿ.

ನನ್ನ ತೀರ್ಪು ಹೀಗಿದೆ. ಮಕ್ಕಳು ಮಂಚಕ್ಕೆ ಹಿಡಿಸುವಷ್ಟು ಕಾಲ ಜೇಕೋದಂಥ ನೆಟ್ಟನೆಯ ಪೆಟ್ಟಿಗೆಯೇ ಸರಿ, ಒಲಿಂಪಿಕ್‌ನಲ್ಲಿ 35 ಅಡಿಯ ಕೆಲವೇ ಜಾಗಗಳಿಗಾಗಿ ಬೇಗ ಕಾಯ್ದಿರಿಸಿದರಾಯಿತು. ದ್ವೀಪಗಳಿಗೆ ಇಬ್ಬರೇ ಹೋಗುವಾಗ ಸ್ಕ್ಯಾಂಪನ್ನು ಬಾಡಿಗೆಗೆ ತರಬಹುದು. ಏರ್‌ಸ್ಟ್ರೀಮ್ ನನ್ನ ಹೆಂಡತಿಯ ಮನಸ್ಸಿನಲ್ಲಿ ನಿಂತಿದೆ. ಅಲ್ಲಿ ನಿಲ್ಲಲು ಅಡಿ ಲೆಕ್ಕವಿಲ್ಲ, ಬಾಡಿಗೆಯೂ ಇಲ್ಲ. ನಮ್ಮ ಗ್ಯಾರೇಜಿನ ಬಾಗಿಲಿನಿಂದ ಕಾಲುದಾರಿಯವರೆಗೆ ಇರುವುದು 23 ಅಡಿ. ಜೇಕೋ ನಿಲ್ಲಿಸಿದರೆ ಉಳಿಯುವುದು 16 ಅಂಗುಲ, ಸೈಕಲ್ ಸ್ಟ್ಯಾಂಡನ್ನು ಕಳಚಿಟ್ಟರೆ ಮಾತ್ರ.