ಅಮ್ಮನ ವೀಣೆಗೆ ಎರಡು ಮೈಕ್: ರೋಡ್ ಎನ್‌ಟಿ5 ಜೋಡಿ

ಕಳೆದ ವರ್ಷ ಅಮ್ಮನನ್ನು ಒಂದು ಸ್ಟುಡಿಯೊಗೆ ಕರೆದುಕೊಂಡು ಹೋಗಿದ್ದೆ. ವೀಣೆಯ ಕೊಡಕ್ಕೆ ಅಂಟಿಸಿದ ಹಾಗೆ ಒಂದೇ ಮೈಕ್ ಇಟ್ಟರು. ಬಂದದ್ದು ಬರೀ ಗುಂ ಅನ್ನುವ ಶಬ್ದ. ತಂತಿ ಎಳೆದು ನುಡಿಸುವ ಗಮಕ, ಮೆಟ್ಟಿಲ ಮೇಲೆ ಬೆರಳು ಜಾರುವ ಸದ್ದು, ಒಂದೂ ಇರಲಿಲ್ಲ. ತುಂಬಾ ಬೇಜಾರಾಯಿತು. ಆಮೇಲೇ ನಾನು ರೋಡ್ ಕಂಪನಿಯ ಈ ಎನ್‌ಟಿ5 ಜೋಡಿ ಕೊಂಡದ್ದು.

ಹೆಬ್ಬೆರಳ ದಪ್ಪದ ಎರಡು ಕಂಡೆನ್ಸರ್ ಮೈಕ್. ಎರಡೂ ಒಂದೇ ಥರ ಇರುವ ಹಾಗೆ ಹೊಂದಿಸಿ ಮಾರುತ್ತಾರೆ. ಸ್ಟೀರಿಯೊಗೆ ಇದೇ ಮುಖ್ಯ. ಒಂದು ಮೈಕ್ ಜಾಸ್ತಿ ಹಿಡಿದರೆ ವೀಣೆ ಆ ಕಡೆಗೆ ವಾಲಿದ ಹಾಗೆ ಕೇಳಿಸುತ್ತದೆ. ಕಂಡೆನ್ಸರ್ ಮೈಕ್ ಕೆಲಸ ಮಾಡಲು ಹೊರಗಿನಿಂದ ಕರೆಂಟ್ ಬೇಕು. ಅದಕ್ಕೇ ಇಂಟರ್‌ಫೇಸ್‌ನಲ್ಲಿ (ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಪೆಟ್ಟಿಗೆ) 48 ವೋಲ್ಟ್ ಸ್ವಿಚ್ ಹಾಕುವುದು ಮರೆಯಬೇಡಿ.

ನಮ್ಮದು ಬಸವನಗುಡಿಯ ಹಳೇ ಮನೆ, ಕೆಂಪು ಗಾರೆ ನೆಲ. ಶಬ್ದ ಪುಟಿಯುತ್ತದೆ. ನೆಲಕ್ಕೆ ಜಮಖಾನ ಹಾಸಿ, ಗೋಡೆಗೆ ರಜಾಯಿ ತೂಗುಹಾಕಿ, ಫ್ಯಾನು, ಫ್ರಿಜ್ ಆರಿಸಿ, ರಾತ್ರಿ 11ರ ಮೇಲೆ ಕೂತೆವು.

ಮೊದಲು ಮೈಕ್‌ಗಳನ್ನು ಮೂರು ಅಡಿ ದೂರ ದೂರ ಇಟ್ಟೆ. ಹೆಡ್‌ಫೋನಿನಲ್ಲಿ ವೀಣೆ ಇಡೀ ಕೋಣೆಯಷ್ಟು ಅಗಲ! ಅಕ್ಕನ ಫೋನಿನ ಒಂದೇ ಸ್ಪೀಕರಿನಲ್ಲಿ ಮಾತ್ರ ಕೆಲವು ಸ್ವರ ಟೊಳ್ಳು. ಶಬ್ದ ಎರಡು ಮೈಕಿಗೂ ಬೇರೆ ಬೇರೆ ಹೊತ್ತಿಗೆ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ ಒಂದನ್ನೊಂದು ತಿಂದುಹಾಕುತ್ತವೆ. ಆಮೇಲೆ ಎಕ್ಸ್-ವೈ ಅನ್ನುವ ಜೋಡಣೆ: ಒಂದರ ತಲೆ ಇನ್ನೊಂದರ ಮೇಲೆ, ನಡುವೆ 90 ಡಿಗ್ರಿ. ಫೋನಿನಲ್ಲಿ ಗಟ್ಟಿಯಾಗಿ ಬಂತು, ಆದರೆ ವೀಣೆ ಮುದುಡಿ ಕೂತಿತು.

ಕೊನೆಗೆ ಓಆರ್‌ಟಿಎಫ್. ಫ್ರಾನ್ಸಿನ ರೇಡಿಯೊದವರು ರೂಢಿಗೆ ತಂದ ವಿಧಾನ ಇದು. ಮೈಕ್ ತಲೆಗಳ ನಡುವೆ 17 ಸೆಂಟಿಮೀಟರ್, ಹೆಚ್ಚುಕಮ್ಮಿ ನಮ್ಮ ಎರಡು ಕಿವಿಗಳ ಅಂತರ. ಹೊರಕ್ಕೆ ತೆರೆದ ಕೋನ 110 ಡಿಗ್ರಿ. ಅಮ್ಮನ ಹೊಲಿಗೆ ಟೇಪಿನಲ್ಲೇ ಅಳೆದೆ. ಮುಂದೆ ಎರಡಡಿ ದೂರ, ವೀಣೆಗಿಂತ ಸ್ವಲ್ಪ ಎತ್ತರ. ಒಂದು ಮೈಕ್ ಕುದುರೆಯ ಕಡೆ, ಇನ್ನೊಂದು ಮೆಟ್ಟಿಲುಗಳ ಕಡೆ. ಮೀಟು ಒಂದು ಬದಿ, ಜಾರು ಇನ್ನೊಂದು ಬದಿ, ನಾದ ನಡುವೆ. ಎದುರು ಕೂತು ಕೇಳಿದ ಹಾಗೇ ಇತ್ತು. ಫೋನಿನಲ್ಲೂ ಎಕ್ಸ್-ವೈನಷ್ಟು ಗಟ್ಟಿ ಅಲ್ಲದಿದ್ದರೂ ಸ್ವರ ಕಳೆದುಹೋಗಲಿಲ್ಲ. ಒಂದೇ ಸ್ಟ್ಯಾಂಡಿಗೆ ಎರಡು ಮೈಕ್ ಕೂರಿಸುವ ಪಟ್ಟಿ, ಸ್ಟೀರಿಯೊ ಬಾರ್, ಒಂದು ಇಟ್ಟುಕೊಳ್ಳಿ, ಎರಡು ಸ್ಟ್ಯಾಂಡಿನಲ್ಲಿ ಈ ಅಳತೆ ನಿಲ್ಲಿಸುವುದು ಕಷ್ಟ.

ಒಂದು ಮಿತಿ ಇದೆ. ಇವು ಎರಡೂ ಕಾರ್ಡಿಯಾಯ್ಡ್, ಮುಂದಿನದ್ದನ್ನೇ ಹೆಚ್ಚು ಹಿಡಿಯುತ್ತವೆ. ಒಂದು ಮೈಕ್ ನಡುವಿನದ್ದನ್ನೂ ಇನ್ನೊಂದು ಪಕ್ಕದ್ದನ್ನೂ ಹಿಡಿಯುವ ಮಿಡ್-ಸೈಡ್ ವಿಧಾನ ಮಾಡಬೇಕೆಂದರೆ ಎರಡು ಪಕ್ಕ ಕೇಳುವ ಫಿಗರ್-8 ಮೈಕ್ ಬೇರೆ ಬೇಕು.

ಅಮ್ಮನಿಗೆ ಹೆಡ್‌ಫೋನ್ ಹಾಕಿದೆ. ಕಣ್ಣು ಮುಚ್ಚಿ ಪೂರ್ತಿ ಕೇಳಿದರು. "ತಾಳದ ತಂತಿ ಒಂಚೂರು ಇಳಿದಿದೆ ಕಣೋ, ನುಡಿಸುವಾಗ ಗೊತ್ತೇ ಆಗ್ಲಿಲ್ಲ" ಅಂದರು. ಶ್ರುತಿ ಸರಿಮಾಡಿಕೊಂಡು ಮತ್ತೆ ಮೊದಲಿಂದ ನುಡಿಸಿದರು.