ಡ್ರ್ಯಾಗ್ ಚೈನ್ ಕೇಬಲ್: ಸೆನ್ಸರ್ ಬೇಕೋ, ಎಣಿಕೆ ಸಾಕೋ?

ಮೆಷಿನ್‌ನ ಓಡಾಡುವ ಭಾಗಕ್ಕೆ ಹೋಗುವ ಕೇಬಲ್‌ಗಳನ್ನು ಹೊತ್ತು ಮಡಚುತ್ತಾ ಸಾಗುವ ಲಿಂಕ್ ಸರಪಳಿಯೇ ಡ್ರ್ಯಾಗ್ ಚೈನ್. ಅದರ ಒಳಗೆ ಓಡಾಡುವ ಕೇಬಲ್ ಯಾವಾಗ ಕೈ ಕೊಡುತ್ತದೆ ಅಂತ ಮೊದಲೇ ತಿಳಿಯೋದು ಹೇಗೆ? ಮಾರಲು ಬಂದವರು ಸೆನ್ಸರ್ ಹಾಕಿ ಅನ್ನುತ್ತಾರೆ. ಮ್ಯಾನೇಜರ್ ವರ್ಷಕ್ಕೊಮ್ಮೆ ಎಲ್ಲಾ ಬದಲಿಸಿಬಿಡಿ ಅನ್ನುತ್ತಾರೆ. ಎಲೆಕ್ಟ್ರಿಷಿಯನ್ ಮೆಗ್ಗರ್ (ಇನ್ಸುಲೇಷನ್ ಅಳೆಯುವ ಮೀಟರ್) ಹಿಡಿದುಕೊಂಡು ಬರುತ್ತಾನೆ. ಪೀಣ್ಯದ ನಮ್ಮ ಶಾಪ್‌ನಲ್ಲಿ ಲೇತ್‌ಗಳ ಮೇಲೆ ಓಡುತ್ತಾ ಜಾಬ್ ಹಾಕಿ ತೆಗೆಯುವ ಗ್ಯಾಂಟ್ರಿ ಲೋಡರ್‌ಗಳಿವೆ. ಅವುಗಳ ಮೇಲೆ ಇವನ್ನೆಲ್ಲ ಹಾಕಿ ನೋಡಿದ್ದೇನೆ. ನನ್ನ ಓಟು ಯಾವುದಕ್ಕೆ ಅಂತ ಈಗಲೇ ಹೇಳಿಬಿಡುತ್ತೇನೆ: ಮೆಷಿನ್ ನಡೆಸುವ ಕಂಟ್ರೋಲರ್ ಆದ ಪಿಎಲ್‌ಸಿಯಲ್ಲಿ, ಎಷ್ಟು ಸಲ ಓಡಾಡಿತು ಅಂತ ಎಣಿಸುವ ಒಂದು ಸ್ಟ್ರೋಕ್ ಕೌಂಟರ್, ಜೊತೆಗೆ ಮೋಟಾರ್ ಓಡಿಸುವ ಡ್ರೈವ್ ತಾನಾಗೇ ಇಟ್ಟುಕೊಳ್ಳುವ ಎರರ್ ಕೌಂಟರ್. ಮಿಕ್ಕಿದ್ದು ಆಮೇಲೆ.

ವರ್ಷಕ್ಕೊಮ್ಮೆ ಬದಲಿಸುವ ಪದ್ಧತಿ ಕೇಳಲು ಚೆನ್ನಾಗಿದೆ. ಆದರೆ ಕೇಬಲ್‌ಗೆ ಕ್ಯಾಲೆಂಡರ್ ಗೊತ್ತಿಲ್ಲ. ನಮ್ಮಲ್ಲಿ ಒಂದು ಗ್ಯಾಂಟ್ರಿ ಹಗಲು ರಾತ್ರಿ ಓಡುತ್ತದೆ, ಇನ್ನೊಂದು ಒಂದೇ ಶಿಫ್ಟ್. ಎರಡರದ್ದೂ ಒಂದೇ ದಿನ ಬದಲಿಸಿದರೆ ಒಂದು ಕಡೆ ದುಡ್ಡು ದಂಡ, ಇನ್ನೊಂದು ಕಡೆ ತಡ.

ಲೆಕ್ಕ ಹಾಕಿ ನೋಡಿ. ಇಪ್ಪತ್ತು ಸೆಕೆಂಡಿಗೆ ಒಮ್ಮೆ ಹೋಗಿ ಬಂದರೆ ಗಂಟೆಗೆ 180 ಡಬಲ್ ಸ್ಟ್ರೋಕ್. ದಿನಕ್ಕೆ ಇಪ್ಪತ್ತು ಗಂಟೆ ಅಂದರೆ 3,600. ವರ್ಷಕ್ಕೆ ಮುನ್ನೂರು ದಿನ ಅಂದುಕೊಂಡರೆ ಹತ್ತು ಲಕ್ಷ ದಾಟುತ್ತದೆ. ಚೈನ್, ಕೇಬಲ್ ಮಾಡುವ ಇಗುಸ್‌ನಂಥ ಕಂಪನಿಗಳ ಕ್ಯಾಟಲಾಗ್ ತೆಗೆದರೆ 50 ಲಕ್ಷ, 75 ಲಕ್ಷ, ಒಂದು ಕೋಟಿ ಡಬಲ್ ಸ್ಟ್ರೋಕ್ ಅಂತ ಟೇಬಲ್ ಇರುತ್ತದೆ. ಪ್ರತಿ ಸಾಲಿಗೂ ಎಷ್ಟು ಉಷ್ಣಾಂಶಕ್ಕೆ ಎಷ್ಟು ಬೆಂಡ್ ರೇಡಿಯಸ್ (ಮಡಚುವ ತಿರುವಿನ ತ್ರಿಜ್ಯ) ಬೇಕು ಅಂತ ಕೊಟ್ಟಿರುತ್ತಾರೆ, ಕೇಬಲ್ ವ್ಯಾಸದ 7.5 ಪಟ್ಟು, 10 ಪಟ್ಟು ಹೀಗೆ. 12 ಮಿಲಿಮೀಟರ್ ಕೇಬಲ್‌ಗೆ 7.5 ಪಟ್ಟು ಅಂದರೆ 90 ಮಿಲಿಮೀಟರ್, 10 ಪಟ್ಟು ಅಂದರೆ 120. ಚೈನ್ ಮೇಲೆ ರೇಡಿಯಸ್ 100 ಅಂತ ಇದ್ದರೆ ಮೊದಲನೆಯದು ಸರಿ, ಎರಡನೆಯದು ಕೆಟ್ಟಿತು. ಇಷ್ಟು ಗೊತ್ತಾದರೆ ಕೌಂಟರ್‌ನಲ್ಲಿ ಎಚ್ಚರಿಕೆ ಎಲ್ಲಿಡಬೇಕು ಅಂತ ತಾನೇ ಗೊತ್ತಾಗುತ್ತದೆ.

ಕೌಂಟರ್ ಇಡುವಾಗ ಮೀಟರ್ ಲೆಕ್ಕ ಬೇಡ, ತಿರುಗಿದ ಲೆಕ್ಕ ಇಡಿ. ಎಂಟು ಮೀಟರ್ ಓಡಲಿ, ಒಂದೇ ಮೀಟರ್ ಓಡಲಿ, ಬೆಂಡ್ ದಾಟಿದ ಜಾಗಕ್ಕೆ ಬೀಳುವ ಪೆಟ್ಟು ಒಂದೇ. ಎರಡು ಲೇತ್ ಮಧ್ಯೆ ಚಿಕ್ಕದಾಗಿ ಓಡಾಡುವ ಗ್ಯಾಂಟ್ರಿಯಲ್ಲಿ ಕೇಬಲ್‌ನ ಅದೇ ತುಂಡು ಮತ್ತೆ ಮತ್ತೆ ಮಡಚುತ್ತಿರುತ್ತದೆ. ಒಟ್ಟು ದೂರ ನೋಡಿದವರಿಗೆ ಕೇಬಲ್ ಇನ್ನೂ ಹೊಸದು ಅನ್ನಿಸುತ್ತದೆ. ಇನ್ನೊಂದು ಮಾತು, ಪವರ್ ಹೋದರೂ ಅಳಿಸದ ಮೆಮೊರಿಯಲ್ಲೇ ಕೌಂಟರ್ ಇರಬೇಕು. ಇಲ್ಲಾಂದ್ರೆ ಕರೆಂಟ್ ಹೋದ ಮರುಕ್ಷಣ ಎಲ್ಲಾ ಸೊನ್ನೆ.

ಈಗ ಡ್ರೈವ್‌ನ ಎರರ್ ಕೌಂಟರ್. ನಾನು ಕಂಡ ಮಟ್ಟಿಗೆ ಚೈನ್ ಒಳಗೆ ಮೊದಲು ಹೋಗೋದು ಮೋಟಾರ್ ಪವರ್ ಕೇಬಲ್ ಅಲ್ಲ, ಮೋಟಾರ್ ಎಷ್ಟು ತಿರುಗಿದೆ ಅಂತ ಡ್ರೈವ್‌ಗೆ ತಿಳಿಸುವ ಎನ್‌ಕೋಡರ್ ಕೇಬಲ್. ಅದರ ತಂತಿ ತೆಳು. ಮೇಲಾಗಿ ಅದರಲ್ಲಿ ಹೋಗೋದು ಡೇಟಾ, ಕ್ಷಣ ಮಾತ್ರ ಸಂಪರ್ಕ ತಪ್ಪಿದರೂ ಅಲಾರಂ. ಫ್ಯಾನುಕ್ ಮೆಷಿನ್ ಇರುವವರಿಗೆ ಎಸ್‌ವಿ 368, 369 ಅಲಾರಂ (ಎನ್‌ಕೋಡರ್ ಡೇಟಾ ತಪ್ಪಿದೆ ಅನ್ನುವವು) ನೋಡಿದ ಕೂಡಲೇ ತಲೆನೋವು ಶುರುವಾಗುತ್ತದೆ, ಅಲ್ವಾ? ರೀಸೆಟ್ ಒತ್ತಿದರೆ ಓಡುತ್ತದೆ, ಒಂದು ಗಂಟೆ ಬಿಟ್ಟು ಮತ್ತೆ ಅದೇ. ಆಪರೇಟರ್ ಸುಮ್ನೆ ರೀಸೆಟ್ ಒತ್ತುತ್ತಾ ಶಿಫ್ಟ್ ಕಳೆಯುತ್ತಾನೆ, ಮೆಂಟೆನೆನ್ಸ್‌ಗೆ ಸುದ್ದಿ ಬರುವ ಹೊತ್ತಿಗೆ ಲೈನ್ ಪೂರ್ತಿ ನಿಂತಿರುತ್ತದೆ.

ಆದರೆ ಅಲಾರಂ ಬರುವ ಮೊದಲೇ ಸಣ್ಣಪುಟ್ಟ ತಪ್ಪುಗಳು ಶುರುವಾಗಿರುತ್ತವೆ. ಡ್ರೈವ್ ಅವನ್ನು ಸರಿ ಮಾಡಿಕೊಂಡು ಮುಂದೆ ಹೋಗುತ್ತದೆ, ಎಣಿಸಿಯೂ ಇಟ್ಟಿರುತ್ತದೆ. ಸೀಮೆನ್ಸ್‌ನ ಸಿನಾಮಿಕ್ಸ್ ಡ್ರೈವ್‌ನಲ್ಲಿ ಡ್ರೈವ್-ಕ್ಲಿಕ್ ಅನ್ನುವ ಡೇಟಾ ಸಂಪರ್ಕದ ಎರರ್ ಕೌಂಟರ್ ಸಿಗುತ್ತದೆ. ಹೈಡನ್‌ಹೈನ್‌ನ ಎನ್‌ಡ್ಯಾಟ್ 2.2 ಎನ್‌ಕೋಡರ್ ಆದರೆ ತನ್ನ ಸಿಗ್ನಲ್ ಎಷ್ಟು ಗಟ್ಟಿಯಾಗಿದೆ ಅಂತಲೂ ಹೇಳುತ್ತದೆ. ವಾರಕ್ಕೊಮ್ಮೆ ಆ ಸಂಖ್ಯೆ ಬರೆದಿಟ್ಟರೆ ಸಾಕು. ತಿಂಗಳುಗಟ್ಟಲೆ ಅಲ್ಲಾಡದೆ ಇದ್ದದ್ದು ಇದ್ದಕ್ಕಿದ್ದಂತೆ ವಾರವಾರ ಏರತೊಡಗಿದರೆ ಕೇಬಲ್ ಆರ್ಡರ್ ಮಾಡುವ ಸಮಯ. ಇದಕ್ಕೆ ಖರ್ಚು? ಒಂದು ರಿಜಿಸ್ಟರ್, ಒಂದು ಪೆನ್ನು.

ಇದರಲ್ಲೂ ಒಂದು ತೊಡಕಿದೆ. ಕೇಬಲ್‌ನ ಶೀಲ್ಡ್ (ತಂತಿ ಸುತ್ತಿನ ಲೋಹದ ಹೊದಿಕೆ) ಸಡಿಲವಾದರೂ ಅರ್ಥಿಂಗ್ ಕೆಟ್ಟರೂ ಕೌಂಟರ್ ಏರುತ್ತದೆ. ಅದಕ್ಕೇ ಪ್ರತಿ ಅಲಾರಂ ಜೊತೆ ಆಕ್ಸಿಸ್ ಪೊಸಿಷನ್ (ಗ್ಯಾಂಟ್ರಿ ಆಗ ಎಲ್ಲಿತ್ತು ಅಂತ) ಕೂಡ ಲಾಗ್ ಮಾಡಿಸಿದೆ. ಅಲಾರಂ ಯಾವಾಗಲೂ ಒಂದೇ ಜಾಗದ ಆಸುಪಾಸಿನಲ್ಲಿ ಬಂದರೆ ಚೈನ್ ಒಳಗೆ ತಂತಿ ಮುರಿದಿದೆ. ಎಲ್ಲೆಂದರಲ್ಲಿ ಬಂದರೆ ಕೇಬಲ್ ಬಿಟ್ಟು ಶೀಲ್ಡ್, ಗ್ರೌಂಡ್, ಕನೆಕ್ಟರ್ ನೋಡಿ. ನನ್ನ ಪ್ರಕಾರ ಈ ಒಂದು ಲಾಗ್ ಎಷ್ಟೋ ಮೀಟರ್‌ಗಳಿಗೆ ಸಮ.

ಇನ್ನು ಮೀಟರ್‌ಗಳ ವಿಚಾರ. ಮೆಗ್ಗರ್‌ನಿಂದ ಇನ್ಸುಲೇಷನ್ ಗೊತ್ತಾಗುತ್ತದೆ, ಅಷ್ಟೇ. ಕೂಲಂಟ್ ಒಳಗೆ ಇಳಿದಿದೆಯೋ, ಜಾಕೆಟ್ ಸವೆದು ಒಳಗಿನ ತಂತಿ ಹೊರಗೆ ಕಾಣುತ್ತಿದೆಯೋ, ಇದನ್ನು ಚೆನ್ನಾಗಿ ಹಿಡಿಯುತ್ತದೆ. ತಂತಿ ಮುರಿದದ್ದನ್ನು ಹಿಡಿಯೋದಿಲ್ಲ. ಡ್ರೈವ್ ಕಡೆಯೂ ಮೋಟಾರ್ ಕಡೆಯೂ ಕಳಚದೆ 500 ವೋಲ್ಟ್ ಕೊಟ್ಟರೆ ಕೇಬಲ್ ಉಳಿದು ಡ್ರೈವ್ ಹೋಗುತ್ತದೆ. ಎನ್‌ಕೋಡರ್ ಕೇಬಲ್ ಹತ್ತಿರ ಮೆಗ್ಗರ್ ತರಲೇಬೇಡಿ.

ರೆಸಿಸ್ಟೆನ್ಸ್ ಅಳೆಯುವ ಉಪಾಯದ ಮೇಲೆ ನನಗೆ ತುಂಬಾ ಆಸೆ ಇತ್ತು. ಲೆಕ್ಕ ಹಾಕಿದ ಮೇಲೆ ಅರ್ಧ ಇಳಿಯಿತು. 1.5 ಚದರ ಮಿಲಿಮೀಟರ್ ತಂತಿಗೆ ಕಿಲೋಮೀಟರಿಗೆ ಹೆಚ್ಚೆಂದರೆ 13.3 ಓಮ್, ಹನ್ನೆರಡು ಮೀಟರಿಗೆ 0.16 ಓಮ್. ಮಾಮೂಲಿ ಮಲ್ಟಿಮೀಟರ್‌ನ ಲೀಡ್‌ದೇ ಅಷ್ಟಿರುತ್ತದೆ. ಸರಿ, ನಾಲ್ಕು ವೈರಿನ ಮಿಲಿಓಮ್ ಮೀಟರ್ ತಂದಿರಿ ಅಂದುಕೊಳ್ಳಿ. ಆ ತಂತಿಯಲ್ಲಿ ಮೂವತ್ತು ಎಳೆ ಇವೆ, ಒಂದು ಸೆಂಟಿಮೀಟರ್ ಜಾಗದಲ್ಲಿ ಇಪ್ಪತ್ತು ಮುರಿದಿವೆ. ಆ ಜಾಗದ ರೆಸಿಸ್ಟೆನ್ಸ್ ಮೂರು ಪಟ್ಟಾಗುತ್ತದೆ ನಿಜ. ಆದರೆ ಅದು 0.13 ಮಿಲಿಓಮ್‌ನಿಂದ 0.4 ಮಿಲಿಓಮ್‌ಗೆ. ಒಟ್ಟು 160 ಮಿಲಿಓಮ್‌ನಲ್ಲಿ ಇದು ಕಾಣುತ್ತದಾ? ಇನ್ನು ತಾಮ್ರ ಒಂದು ಡಿಗ್ರಿ ಬಿಸಿಯಾದರೆ ರೆಸಿಸ್ಟೆನ್ಸ್ ಸುಮಾರು ಶೇಕಡಾ 0.4 ಏರುತ್ತದೆ. ಬೆಳಿಗ್ಗೆ 22 ಡಿಗ್ರಿ ಇದ್ದ ಕೇಬಲ್ ಮಧ್ಯಾಹ್ನ 50 ಆದರೆ ಶೇಕಡಾ 11 ಏರಿಕೆ, ಒಂದು ಎಳೆಯೂ ಮುರಿಯದೆ. ಶೇಕಡಾ ಹತ್ತಕ್ಕೆ ಅಲಾರಂ ಇಟ್ಟರೆ ದಿನಾ ಮಧ್ಯಾಹ್ನ ಕೂಗುತ್ತದೆ.

ಉಳಿದರ್ಧ ಆಸೆ ಉಳಿಸಿದ್ದು ಇದು. ಒಂದೇ ಪವರ್ ಕೇಬಲ್‌ನ ಯು, ವಿ, ಡಬ್ಲ್ಯೂ ಅನ್ನುವ ಮೂರು ಫೇಸ್ ತಂತಿಗಳನ್ನೂ ಒಂದಕ್ಕೊಂದು ಹೋಲಿಸಿ. ಮೂರೂ ಒಂದೇ ಬಿಸಿಯಲ್ಲಿರುತ್ತವೆ, ಹಾಗಾಗಿ ಒಂದು ಬೇರೆಯಾದರೆ ಕಾರಣ ಹವೆಯಲ್ಲ. ಅಳೆಯುವಾಗ ಒಬ್ಬರು ಗ್ಯಾಂಟ್ರಿಯನ್ನು ಕೈಯಿಂದ ನಿಧಾನಕ್ಕೆ ತಳ್ಳುತ್ತಿರಬೇಕು. ನಿಂತ ಕೇಬಲ್‌ನಲ್ಲಿ ಮುರಿದ ತುದಿಗಳು ಒಂದಕ್ಕೊಂದು ತಾಗಿಕೊಂಡು ಎಲ್ಲಾ ಸರಿಯಿರುವಂತೆ ತೋರಿಸುತ್ತವೆ. ಓಡುವಾಗಲೇ ತಾನಾಗಿ ಅಳೆಯುವ ಮಾಡ್ಯೂಲ್‌ಗಳೂ ಬಂದಿವೆ, ದೊಡ್ಡ ಲೈನ್‌ಗೆ ಲಾಭವಿರಬಹುದು, ನಮ್ಮಂಥವರಿಗೆ ಆರು ತಿಂಗಳಿಗೊಮ್ಮೆ ಕೈಯಲ್ಲಿ ಅಳೆದರೆ ಸಾಕು.

ಚೈನ್‌ಗೇ ಹಾಕುವ ಬ್ರೇಕ್ ಸೆನ್ಸರ್ ನೋಡಲು ಚಂದ. ಲಿಂಕ್ ಮುರಿದರೆ ಮೆಷಿನ್ ನಿಲ್ಲಿಸುತ್ತದೆ. ಆದರೆ ಎಂಟು ಮೀಟರ್ ಚೈನ್ ಕಣ್ಣೆದುರಿಗೇ ಇದೆ, ಮುರಿಯುವ ಮೊದಲು ಕಿರ್ ಅನ್ನುತ್ತದೆ, ಜೋಲುತ್ತದೆ. ಕವರ್ ಹಿಂದೆ, ಪಿಟ್ ಒಳಗೆ ಕಾಣದಂತೆ ಓಡುವ ಚೈನ್‌ಗೆ ಮಾತ್ರ ಹಾಕಿ ಅನ್ನುತ್ತೇನೆ. ನೂರಾರು ಮೀಟರ್ ಓಡುವ ಬಂದರಿನ ಕ್ರೇನ್‌ಗಳ ಕಥೆ ಬೇರೆ. ಅಲ್ಲಿ ಚೈನ್ ತಳ್ಳಲು ಎಳೆಯಲು ಬೇಕಾದ ಬಲವನ್ನೇ ಅಳೆದು, ದಾರಿಯಲ್ಲಿ ಏನಾದರೂ ಸಿಕ್ಕಿಕೊಂಡರೆ ತಕ್ಷಣ ನಿಲ್ಲಿಸುವ ವ್ಯವಸ್ಥೆ ಇರುತ್ತದೆ. ಅಲ್ಲಿ ಅದು ಬೇಕೇ ಬೇಕು.

ಕೇಬಲ್ ಕಾಪಾಡುವ ವಿಷಯದಲ್ಲೂ ಹೋಲಿಸಿ ನೋಡಿದೆ. ಪಿವಿಸಿ ಜಾಕೆಟ್ ಅಗ್ಗ, ಆದರೆ ಕೂಲಂಟ್ ಎಣ್ಣೆ ಬಿದ್ದು ಬಿದ್ದು ಗಟ್ಟಿಯಾಗಿ ಬಿರುಕು ಬಿಡುತ್ತದೆ. ನಮ್ಮಂಥ ಜಾಗಕ್ಕೆ ಪಿಯುಆರ್ (ಪಾಲಿಯುರೆಥೇನ್) ಅಥವಾ ಟಿಪಿಇ (ರಬ್ಬರಿನಂಥ ಪ್ಲಾಸ್ಟಿಕ್) ಬಿಟ್ಟು ಬೇರೆ ಮಾತಿಲ್ಲ. ಚಿಪ್ಸ್ ಹಾರುವ ಲೇತ್ ಪಕ್ಕದಲ್ಲಿ ಮುಚ್ಚಿದ ಚೈನ್ ಗೆದ್ದಿತು. ಆದರೆ ಒಳಗೆ ಬಿಸಿ ಉಳಿಯುತ್ತದೆ, ನೋಡಲು ಪ್ರತಿ ಸಲ ಮುಚ್ಚಳ ಬಿಚ್ಚಬೇಕು, ಕಾಸ್ಟ್ ಐರನ್ ಪುಡಿ ಹೇಗೋ ಒಳಗೆ ಸೇರಿಕೊಳ್ಳುತ್ತದೆ. ಮೇಲ್ಗಡೆ ಓಡುವ ಗ್ಯಾಂಟ್ರಿಗೆ ತೆರೆದ ಚೈನ್ ಸಾಕು.

ಎಲ್ಲಕ್ಕಿಂತ ಜಾಸ್ತಿ ಆಯಸ್ಸು ಕೊಟ್ಟಿದ್ದು ಮಾತ್ರ ಫಿಟ್ಟಿಂಗ್. ಲೈನ್ ಹಾಕಿಕೊಟ್ಟವರು ಚೈನ್ ಒಳಗೇ ಕೇಬಲ್ ಟೈ ಬಿಗಿದಿದ್ದರು, ಏರ್ ಹೋಸ್ ಪಕ್ಕದಲ್ಲಿ ಎನ್‌ಕೋಡರ್ ಕೇಬಲ್ ತುರುಕಿದ್ದರು, ಮಧ್ಯೆ ಸೆಪರೇಟರ್ ಇರಲಿಲ್ಲ. ಅದನ್ನೆಲ್ಲ ಬಿಚ್ಚಿ ಪ್ರತಿ ಕೇಬಲ್ ಸುತ್ತ ವ್ಯಾಸದ ಶೇಕಡಾ ಹತ್ತರಷ್ಟು, ಹೋಸ್ ಸುತ್ತ ಇಪ್ಪತ್ತರಷ್ಟು ಜಾಗ ಬಿಟ್ಟು, ಎರಡೂ ತುದಿಯಲ್ಲಿ ಕ್ಲ್ಯಾಂಪ್ ಹಾಕಿದ ಮೇಲೆ ಎರರ್ ಕೌಂಟರ್ ತಣ್ಣಗಾಯಿತು.

ಸೆನ್ಸರ್‌ಗೆ ಇಟ್ಟಿದ್ದ ದುಡ್ಡಲ್ಲಿ ಕನೆಕ್ಟರ್ ಸಮೇತ ಸ್ಪೇರ್ ಎನ್‌ಕೋಡರ್ ಕೇಬಲ್ ತರಿಸಿಟ್ಟಿದ್ದೇನೆ. ಅದನ್ನು ಹಾಕುವಾಗ ಸುರುಳಿಯಿಂದ ಸುತ್ತು ಸುತ್ತಾಗಿ ಎಳೆಯಬೇಡಿ. ಸುರುಳಿಯನ್ನೇ ಉರುಳಿಸಿ ಬಿಚ್ಚಿ, ಒಂದು ರಾತ್ರಿ ಉದ್ದಕ್ಕೆ ನೇತುಹಾಕಿ ತಿರುಚು ಇಳಿಯಲು ಬಿಟ್ಟು, ಮಾರನೇ ದಿನ ಚೈನ್‌ಗೆ ಇಳಿಸಿ.